ಮುಳ್ಳು, ಕಾಲು

ಪೇಟೆಯ ಸೀರೆ ಅಂಗಡಿಯಿಂದ ಬೇಡಿ ತಂದ ರಟ್ಟಿನ ಮುಚ್ಚಳ,
ಅದರ ಮೇಲೆ ಊಟದ ತಾಟು ಬೋರಲಿಟ್ಟು ಗೆರೆ ಎಳೆದೆ.
ಒಂದರಿಂದ ಹನ್ನೆರಡು ದುಂಡಗೆ ಬರೆದು
ಮುಳ್ಳಿಗೇನು ಮಾಡಲಿ ಅನ್ನುವಷ್ಟರಲ್ಲಿ
ಹುಡುಗರೇ ಓಡಿದರು ಸಾಲಿ ಹಿಂದಿನ ಗುಡ್ಡಕ್ಕೆ,
ತಂದರು ಎರಡು ಜಾಲಿಮುಳ್ಳು,
ಒಂದು ಗಿಡ್ಡ, ಒಂದು ಉದ್ದ,
ಬುಡದಲ್ಲಿ ಇನ್ನೂ ಹಸಿ.

ಗುಳೇದಗುಡ್ಡ. ಎರಡನೇ ಇಯತ್ತೆ. ಹತ್ತೊಂಬತ್ತು ಮಂದಿ.
ಗೋಡೆಯ ಗಡಿಯಾರ ನಿಂತು ಎರಡು ದೀಪಾವಳಿ ದಾಟಿವೆ;
ಅಲ್ಲಿ ಯಾವಾಗಲೂ ನಾಲ್ಕಕ್ಕೆ ಹತ್ತು ಕಮ್ಮಿ.
ಹುಡುಗರಿಗೆ ಅದರ ಮೇಲೆ ಬಹಳ ಪ್ರೀತಿ:
ಸಾಲಿ ಬಿಡುವ ಹೊತ್ತು ಯಾವತ್ತೂ ಹತ್ತಿರ.

"ಸಣ್ಣ ಮುಳ್ಳು ತಾಸು ಹೇಳತೈತಿ, ದೊಡ್ಡದು ಮಿನಿಟು."
"ಹಂಗಾದ್ರ ಸಣ್ಣದು ಸಾವಕಾರ, ದೊಡ್ಡದು ಆಳೇನ್ರಿ?"
ಅಂದಳು ನೂರಬಿ,
"ಸುತ್ತೋದೆಲ್ಲಾ ಅದಽ ಸುತ್ತತೈತಿ."
ಹೂಂ ಅಂದೆ.

ತೊಡಕು ಶುರುವಾದದ್ದು ಕಾಲಿನಿಂದ.
ದೊಡ್ಡ ಮುಳ್ಳು ಮೂರರ ಮೇಲೆ ಬಂದರೆ ಕಾಲು, ಅಂದೆ.
ಕೂಡಲೇ ಒಬ್ಬ ಅಂಗಾಲು ಎತ್ತಿ ತೋರಿಸಿದ:
ನಿನ್ನಿ ಮುಳ್ಳು ಬಂದದ್ದೂ ಕಾಲಿಗೇ, ಅಕ್ಕೋರ.
ಆರರ ಮೇಲೆ ಅರ್ಧ,
ಒಂಬತ್ತರ ಮೇಲೆ ಮುಕ್ಕಾಲು...
"ಮೂರ್ ಕಾಲೇನ್ರಿ? ಹಂಗಾದ್ರ ನಮ್ಮಜ್ಜ ಮುಕ್ಕಾಲ್ರಿ,
ಕೋಲು ಹಿಡೀತಾನ."
ಅವರ ಅಜ್ಜಿಯರು ಸವ್ವಾ ಅನ್ನುತ್ತಾರೆ, ಪಾವಣೆ ಅನ್ನುತ್ತಾರೆ,
ನಾನು ಕಾಲು ಅನ್ನುತ್ತೇನೆ;
ಎರಡನ್ನೂ ಬಾಯಿಗೆ ಹಾಕಿಕೊಂಡು
ಮೂರನೆಯದನ್ನು ಉಗುಳುತ್ತಾರೆ ಹುಡುಗರು:
ಸವ್ವಾಕಾಲು.

ಹಿಂದಿನ ಸಾಲಿನಿಂದ ಮುದಕಪ್ಪ ಎದ್ದ.
ಹೆಸರು ಮುದಕಪ್ಪ, ವಯಸ್ಸು ಏಳು.
"ಅಕ್ಕೋರ, ಮಾರಿ ಐತಿ, ಮುಳ್ಳು ಅದಾವ,
ಇದರ ಕಾಲು ಎಲ್ಲಿ ಅದಾವ್ರಿ?"
"ಇದಕ್ಕ ಕಾಲಿಲ್ಲಪಾ."
"ಇರತಾವ್ರಿ. ಕುಣ್ಯಾಗ ಇರತಾವ.
ನಮ್ಮವ್ವನ್ವೂ ಕಾಣಂಗಿಲ್ಲ."

ಕುಣಿಮಗ್ಗದ ಮುಂದೆ ಕೂತ ಹೆಣ್ಣುಮಗಳು
ಮನೆಯಲ್ಲಿ ಸೊಂಟದ ಮೇಲಷ್ಟೇ ಇರುತ್ತಾಳೆ.
ಕೆಳಗೆ ಕತ್ತಲೆಯಲ್ಲಿ ಪಾವಡಿ ತುಳಿಯುತ್ತ
ಎಡ, ಬಲ, ಎಡ, ಬಲ.
ಮೇಲೆ ಲಾಳಿ ಓಡುತ್ತದೆ,
ಖಣದ ಮೇಲೆ ಆನೆಹೆಜ್ಜೆ ಮೂಡುತ್ತದೆ
ಒಂದರ ಹಿಂದೆ ಒಂದು,
ಎಲ್ಲಿಗೂ ಹೋಗದ ಹೆಜ್ಜೆ.

ಆ ಶನಿವಾರ ಮನೆಗೆಲಸ ಕೊಟ್ಟೆ:
ಮನೆಯಲ್ಲಿ ಯಾರು ಯಾವಾಗ ಏನು ಮಾಡುತ್ತಾರೆ,
ನೋಡಿ ಬರೆದು ತರಬೇಕು.

ಸೋಮವಾರ ಪಾಟಿಚೀಲದಿಂದ ಹೊರಬಂದವು.
ಒಬ್ಬಳ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಎಂಟು ಗಂಟೆಗೇ ಮಾಡುತ್ತಾರೆ.
ಒಬ್ಬನ ಎಮ್ಮೆ ಹದಿಮೂರೂಕಾಲಕ್ಕೆ ಹಾಲು ಕೊಡುತ್ತದೆ.
ನೂರಬಿಯ ಅಪ್ಪ ಬರೇ "ಬರತಾನ".
ಯಾವಾಗ ಅಂತ ಆತನಿಗೇ ಗೊತ್ತಿಲ್ಲವಂತೆ.

ಮುದಕಪ್ಪನ ಮನೆಯಲ್ಲಿ
ನೇಕಾರರ ಸಂಘದವರು ಕೊಟ್ಟ ಗಡಿಯಾರ ಇದೆ,
ಯಾರೂ ನೋಡುವುದಿಲ್ಲ.
ಅವನು ನೋಡಿದ್ದಾನೆ.
"ಅವ್ವ ಕುಣ್ಯಾಗ ಇಳಿದದ್ದು: ಆರೂಕಾಲು."
ಪಕ್ಕದಲ್ಲಿ ಚಿತ್ರ. ದೊಡ್ಡ ಮುಳ್ಳು ಮೂರರ ಮೇಲೆ,
ಸಣ್ಣದು ಆರನ್ನು ಬಿಟ್ಟು ಒಂದು ಕೂದಲೆಳೆ ಮುಂದೆ.
ಇಷ್ಟು ಸೂಕ್ಷ್ಮ ನಾನು ಇನ್ನೂ ಕಲಿಸಿರಲಿಲ್ಲ.
ಕೆಳಗೆ,
"ಅವ್ವ ಎದ್ದದ್ದು:"
ಅಲ್ಲಿ ಒಂದು ವೃತ್ತ. ಅಂಕಿಗಳಿವೆ. ಮುಳ್ಳಿಲ್ಲ.

"ಇದ್ಯಾಕ ಬಿಟ್ಟಿ?"
"ನೋಡಕೊಂತ ಕುಂತಿದ್ನಿರಿ ಅಕ್ಕೋರ.
ನನಗ ನಿದ್ದಿ ಬಂತು."

ಕೆಂಪು ಪೆನ್ನು ತೆಗೆದು ಆರೂಕಾಲಕ್ಕೆ ಸರಿ ಹಾಕಿದೆ.
ಇನ್ನೊಂದು ವೃತ್ತದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು,
ಮುಚ್ಚಳ ಹಾಕಿದೆ.

ರಟ್ಟಿನ ಮೇಲಿನ ಜಾಲಿಮುಳ್ಳು ಒಣಗಿ ಬೆಳ್ಳಗಾಗಿತ್ತು;
ತಿರುಗಿಸಲು ಹೋದರೆ ಬೆರಳಿಗೆ ಚುಚ್ಚಿತು.
ಅದನ್ನು ಹಾಗೇ ಬಿಟ್ಟು ಕೇಳಿದೆ,
ಈಗ ಎಷ್ಟಾಗೈತಿ, ಹೇಳ್ರಿ ನೋಡೋಣು?

ಹದಿನೆಂಟು ಮಂದಿ ಗೋಡೆ ನೋಡಿ ಒಂದೇ ದನಿಯಲ್ಲಿ ಕೂಗಿದರು:
ನಾಕಕ್ಕ ಹತ್ತು ಕಮ್ಮೀ!
ಮುದಕಪ್ಪ ಆಕಳಿಸಿದ.